ಕೋಟಿನೊಳಗೆ ಸಿಗದವನು

"ಗುರುಗಳೇ, ತಾವು ಫೋಟೋ ತೆಗೆಸಿಕೊಳ್ಳಲು ಏಕೆ ಒಪ್ಪುವುದಿಲ್ಲ? ನಾಳೆ ತಾವಿಲ್ಲದ ಮೇಲೆ ತಮ್ಮ ಮುಖವನ್ನು ನಾವು ಎಲ್ಲಿ ಕಾಣಬೇಕು?"

ಶಿಷ್ಯ ಕೊನೆಗೂ ಕೇಳಿಬಿಟ್ಟ. ಬಹಳ ದಿನಗಳಿಂದ ಗಂಟಲಲ್ಲೇ ಸಿಕ್ಕಿಕೊಂಡಿದ್ದ ಪ್ರಶ್ನೆ ಅದು. ಗುರುವಿಗೆ ವಯಸ್ಸಾಗಿತ್ತು. ಚಳಿಗಾಲದಲ್ಲಿ ಹಿಡಿದ ಕೆಮ್ಮು ಇನ್ನೂ ಬಿಟ್ಟಿರಲಿಲ್ಲ. ಮಠದಲ್ಲಿ ಹಿಂದಿನ ಗುರುಗಳ ಪಟ ಒಂದೂ ಇರಲಿಲ್ಲ. ಅವರ ಮುಖ ಹೇಗಿತ್ತೆಂದು ಹೇಳಬಲ್ಲವರೂ ಈಗ ಉಳಿದಿರಲಿಲ್ಲ. ಇವರ ಮುಖವೂ ಹಾಗೆಯೇ ಅಳಿಸಿಹೋದರೆ ಎಂದು ಶಿಷ್ಯನಿಗೆ ಭಯ. ಅದಕ್ಕೇ ಅವನು ಯಾರನ್ನೂ ಕೇಳದೆ ಪೇಟೆಗೆ ಹೋಗಿ, ನಾಳೆ ಬರಬೇಕೆಂದು ಫೋಟೋದವನಿಗೆ ಹೇಳಿ ಬಂದಿದ್ದ. ಇನ್ನು ಗುರು ಹೂಂ ಎನ್ನುವುದೊಂದೇ ಬಾಕಿ.

ಗುರು ಹೂಂ ಎನ್ನಲಿಲ್ಲ. ಊಹೂಂ ಎಂದೂ ಹೇಳಲಿಲ್ಲ. ಕೂತುಕೋ ಎಂದರು. ಶಿಷ್ಯ ಕೂತ. ಗುರು ಕತೆ ಹೇಳತೊಡಗಿದರು.

ಹತ್ತಿಯ ವ್ಯಾಪಾರದ ಒಂದು ಊರು. ಆ ಊರಿನಲ್ಲಿ ಒಬ್ಬ ಫೋಟೋ ತೆಗೆಯುವವನು. ಗಾಜಿನ ಫಲಕದ ಮೇಲೆ ಚಿತ್ರ ಹಿಡಿಯುತ್ತಿದ್ದ ಕಾಲ. ಸುತ್ತಲಿನ ಹಳ್ಳಿಗಳಿಗೆಲ್ಲ ಆ ಕೆಲಸದವನು ಅವನೊಬ್ಬನೇ. ಒಬ್ಬನೇ ಇದ್ದುದರಿಂದ ತನ್ನಷ್ಟು ಜಾಣ ಇನ್ನೊಬ್ಬನಿಲ್ಲ ಎಂದು ಅವನು ನಂಬಿದ್ದ. ಆ ಲೆಕ್ಕ ತಪ್ಪೆಂದು ಯಾರೂ ಹೇಳುವಂತಿರಲಿಲ್ಲ.

ಅವನ ಸ್ಟುಡಿಯೋದಲ್ಲಿ ಗೂಟಕ್ಕೆ ಒಂದು ಕರಿಯ ಕೋಟು ತೂಗುತ್ತಿತ್ತು. ಪಕ್ಕದಲ್ಲಿ ಜರಿಯ ರುಮಾಲು, ನಿಂತುಹೋದ ಒಂದು ಕೈಗಡಿಯಾರ. ಯಾರೇ ಬರಲಿ, ಮೊದಲು ಕೋಟು ತೊಡಬೇಕು. ಆಮೇಲೆ ರುಮಾಲು ಸುತ್ತಿಸಿಕೊಳ್ಳಬೇಕು. ಗಡಿಯಾರ ಕಾಣುವಂತೆ ಕೈ ಮಡಿಸಿ, ಅರಮನೆ ಬರೆದ ಪರದೆಯ ಮುಂದೆ ಕೂರಬೇಕು. ಮೂಟೆ ಹೊರುವವನೂ ಅಲ್ಲಿ ಕೂತ ಗಳಿಗೆಗೆ ಸಾಹುಕಾರ. ಜನಕ್ಕೂ ಅದು ಬೇಕಾಗಿತ್ತು. ಹುಟ್ಟಿ ಸಾಯುವುದರೊಳಗೆ ಒಮ್ಮೆ ತೆಗೆಸುವ ಫೋಟೋ, ಅದರಲ್ಲಾದರೂ ಮೈಮೇಲೊಂದು ಕೋಟು ಇರಲಿ ಎಂದುಕೊಳ್ಳುತ್ತಿದ್ದರು.

ಅಲುಗಬೇಡಿ, ನಗಬೇಡಿ, ಉಸಿರು ಬಿಗಿಹಿಡಿಯಿರಿ ಎಂದು ಹೇಳಿ ಅವನು ಕ್ಯಾಮೆರಾದ ಹಿಂದಿನ ಕರಿಬಟ್ಟೆಯೊಳಗೆ ತಲೆ ತೂರಿಸುತ್ತಿದ್ದ. ಎದುರಿಗೆ ಕೂತವನಿಗೆ ಜೀವ ಹೋದಂತಾದ ಮೇಲೆ ಫೋಟೋ ಹೊಡೆಯುತ್ತಿದ್ದ. ಅಷ್ಟಕ್ಕೇ ಬಿಡುತ್ತಿರಲಿಲ್ಲ. ಸೀಸದ ಕಡ್ಡಿ ಹಿಡಿದು ಗಾಜಿನ ಮೇಲೆ ಮುಖ ತಿದ್ದಲು ಕೂರುತ್ತಿದ್ದ. ಸಿಡುಬಿನ ಕಲೆ ಮಾಯವಾಗುತ್ತಿತ್ತು, ಸುಕ್ಕು ಮಾಯವಾಗುತ್ತಿತ್ತು. ಕಪ್ಪಗಿದ್ದವರು ಬೆಳ್ಳಗಾಗುತ್ತಿದ್ದರು. ಮೀಸೆ ಸಣ್ಣದಿದ್ದರೆ, ಗಾಜಿನಲ್ಲಿ ಕೆರೆದದ್ದು ಪ್ರತಿಯಲ್ಲಿ ಕಪ್ಪಾಗುವುದರಿಂದ, ಚಾಕುವಿನ ಮೊನೆಯಿಂದ ಕೆರೆದು ದೊಡ್ಡದು ಮಾಡುತ್ತಿದ್ದ. ದೇವರು ಅವಸರದಲ್ಲಿ ಬಿಟ್ಟದ್ದನ್ನು ನಾನು ಪೂರೈಸಿ ಕೊಡುತ್ತೇನೆ ಎಂದು ಹೇಳಿಕೊಳ್ಳುತ್ತಿದ್ದ. ದೇವರು ಕೇಳಿಸಿಕೊಂಡು ಸುಮ್ಮನಿದ್ದ.

ಒಂದು ಸಂತೆಯ ದಿನ ಒಬ್ಬ ಹೆಂಗಸು ಹಸುಗೂಸನ್ನು ಎತ್ತಿಕೊಂಡು ಸ್ಟುಡಿಯೋಗೆ ಬಂದಳು. ಅವಳ ಹೆಸರು ಸತ್ಯವ್ವ. ಗಂಡ ಮಾಳಿಂಗ ಗಿರಣಿಗೆ ಹತ್ತಿಯ ಗಾಡಿ ಹೊಡೆಯುತ್ತಿದ್ದ. ಚೊಚ್ಚಲ ಹೆರಿಗೆಗೆ ತವರಿಗೆ ಹೊರಟಾಗ ಅವಳೇ ಹಟ ಹಿಡಿದಿದ್ದಳು, ಒಂದು ಫೋಟೋ ತೆಗೆಸಿ ಕಳಿಸಿ, ಅಲ್ಲಿ ನೋಡಿಕೊಂಡಿರುತ್ತೇನೆ ಎಂದು. ಹೆಂಡತಿಯ ಆಸೆಗೆ ಮಾಳಿಂಗ ಇಲ್ಲ ಎನ್ನಲಿಲ್ಲ. ಹೋಗಿ ಕೂತು ತೆಗೆಸಿಕೊಂಡ. ಫೋಟೋ ಕೈಗೆ ಬರುವ ಮೊದಲೇ ಅವನಿಗೆ ಜ್ವರ ಬಂತು. ತವರಿಗೆ ಸುದ್ದಿ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಕೂಸು ಹುಟ್ಟಿದ್ದು ಅವನು ಹೋದ ಮೇಲೆ.

ಮಾಳಿಂಗನ ತಾಯಿ ಲಗಮವ್ವ ಒಂದೇ ಮಾತು ಹಿಡಿದುಕೊಂಡಳು. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ಅತ್ತೆ ಹೇಳಿದ್ದಳು, ಅತ್ತೆಗೆ ಅವಳ ಅತ್ತೆ ಹೇಳಿದ್ದಳು. ಆ ಅತ್ತೆಯ ಕಾಲದಲ್ಲಿ ಫೋಟೋ ಎಲ್ಲಿತ್ತು ಎಂದು ಯಾರೂ ಕೇಳಲಿಲ್ಲ. ನನ್ನ ಮಗನನ್ನು ಆ ಫೋಟೋದ ಪೆಟ್ಟಿಗೆ ತಿಂದಿತು, ಪೆಟ್ಟಿಗೆಯ ಮುಂದೆ ಕೂರಿಸಿದವಳು ಸೊಸೆ ಎಂದು ಲಗಮವ್ವ ಓಣಿಯಲ್ಲೆಲ್ಲ ಹೇಳಿದಳು. ಬಾಣಂತಿ ಕೂಸಿನೊಡನೆ ಗಂಡನ ಮನೆಗೆ ಬಂದಾಗ ಬಾಗಿಲು ತೆರೆಯಲಿಲ್ಲ. ಸತ್ಯವ್ವ ತವರಿಗೇ ತಿರುಗಿ ಹೋದಳು. ತಾನೇ ಗಂಡನನ್ನು ಕೊಂದೆನೇನೋ ಎಂಬ ಗುಮಾನಿ ಅವಳನ್ನೂ ಬಿಟ್ಟಿರಲಿಲ್ಲ.

ಅಂಥವಳು ಈಗ ಆ ಫೋಟೋವನ್ನೇ ಕೇಳಿಕೊಂಡು ಬಂದಿದ್ದಳು. ಗಂಡನ ಹೆಸರು ಹೇಳುವ ವಾಡಿಕೆ ಅವಳಿಗಿರಲಿಲ್ಲ. ಗಾಡಿ ಹೊಡೆಯುತ್ತಿದ್ದರು, ಈಗಿಲ್ಲ, ಕೂಸಿಗೆ ತೋರಿಸಬೇಕು ಎಂದಷ್ಟೇ ಹೇಳಿದಳು. ಫೋಟೋದವನು ಗಾಜುಗಳ ಪೆಟ್ಟಿಗೆ ತೆರೆದು ಒಂದೊಂದನ್ನೇ ಬೆಳಕಿಗೆ ಹಿಡಿದ. ಎಲ್ಲದರಲ್ಲೂ ಅದೇ ಕೋಟು, ಅದೇ ರುಮಾಲು, ಅದೇ ಬಿಗಿದ ತುಟಿ. ಗಾಡಿಯವನ ಮುಖ ಹೇಗಿತ್ತೆಂದು ನೆನೆಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಅಂದಾಜಿನ ಮೇಲೆ ಒಂದು ಪ್ರತಿ ಮಾಡಿ ಕೊಟ್ಟ. ಇವರಲ್ಲ ಎಂದಳು. ಮತ್ತೊಂದು ಕೊಟ್ಟ. ಇವರೂ ಅಲ್ಲ ಎಂದಳು. ಮತ್ತೂ ಒಂದು ಕೊಟ್ಟ. ಅದನ್ನು ಅವಳು ತುಂಬ ಹೊತ್ತು ನೋಡಿದಳು.

"ಕೋಟು ನಿಮ್ದು, ರುಮಾಲು ನಿಮ್ದು, ಗಡಿಯಾರ ನಿಮ್ದು. ಮೀಸಿನೂ ನೀವ ಬರದೀರಿ. ಕಿವಿ ಅಷ್ಟ ನಮ್ಮವರವು," ಎಂದಳು. "ನನ್ನ ಮಗಳು ಕಿವಿಗೆ ಅಪ್ಪಾ ಅನ್ಬೇಕೇನ್ರಿ?"

ಅವಳ ಮಾತಿನಲ್ಲಿ ಸಿಟ್ಟಿದ್ದಿದ್ದರೆ ಅವನೂ ಸಿಟ್ಟು ಮಾಡಿ ಗೆಲ್ಲುತ್ತಿದ್ದ. ಸಿಟ್ಟಿರಲಿಲ್ಲ. ಅವಳು ನಿಜವಾಗಿಯೇ ಕೇಳುತ್ತಿದ್ದಳು. ಸ್ವಲ್ಪ ದಿನ ಕೊಡು ತಂಗಿ, ಸರಿಮಾಡಿ ಕೊಡುತ್ತೇನೆ ಎಂದು ಅವನು ಅವಳನ್ನು ಕಳಿಸಿದ.

ಅವನ ಜಾಣತನ ಎಷ್ಟಿತ್ತು ನೋಡು. ತಿದ್ದಿ ಕಳೆದ ಮುಖವನ್ನು ಇನ್ನಷ್ಟು ತಿದ್ದಿ ತರುತ್ತೇನೆಂದು ಹೊರಟ. ಮಾಳಿಂಗನ ಮುಖ ಹೇಗಿತ್ತೆಂದು ಜೊತೆಯ ಗಾಡಿಯವರನ್ನು ಕೇಳಿದ. ಅವರು ಅವನ ಸಿಳ್ಳೆಯ ವಿಷಯ ಹೇಳಿದರು. ಆ ಸಿಳ್ಳೆಗೆ ಎತ್ತುಗಳು ಹಗ್ಗ ಜಗ್ಗದೆಯೇ ತಿರುಗುತ್ತಿದ್ದವಂತೆ. ಗಿರಣಿಯವರು ಅವನ ಹೆಗಲನ್ನು ಹೊಗಳಿದರು. ಚಹಾದ ಅಂಗಡಿಯವನು, ಅವನಂತೆ ಬಸಿಗೆ ಸುರಿದುಕೊಂಡು ಚಹಾ ಸೊರ್ ಎಂದು ಕುಡಿದವನು ಇನ್ನೊಬ್ಬನಿಲ್ಲ ಎಂದ. ಮುಖ? ಯಾವಾಗಲೂ ನಗುತ್ತಿದ್ದ ಎಂದರು ಎಲ್ಲರೂ. ಹೇಗೆ ನಗುತ್ತಿದ್ದ? ಅದು ಮಾತ್ರ ಯಾರಿಗೂ ಹೇಳಲು ಬರಲಿಲ್ಲ.

ಅವನು ಚಾಕುವಿನಿಂದ ತುಟಿ ಕೆರೆದು ಸೀಸದ ಕಡ್ಡಿಯಿಂದ ನಗು ಬರೆದ. ಸಾಹುಕಾರನ ನಗು ಬಂತು. ಅದನ್ನು ಕೆರೆದು ಮತ್ತೊಂದು ಬರೆದ. ನಾಟಕದ ಖಳನ ನಗು ಬಂತು. ಕೆರೆದ, ಬರೆದ, ಮತ್ತೆ ಕೆರೆದ. ಕೊನೆಗೆ ಗಾಜಿನ ಮೇಲಿನ ಲೇಪವೇ ಕಿತ್ತುಬಂತು. ಮುಖವಿದ್ದಲ್ಲಿ ಬರೀ ಬೆಳಕು ಹಾಯುವ ತೂತು. ಕೋಟು ಮಾತ್ರ ಕದಲದೆ ಕೂತಿತ್ತು.

ಆ ಗಾಜನ್ನು ಕೈಯಲ್ಲಿ ಹಿಡಿದು ಅವನು ಅತ್ತ. ಇದ್ದ ಎರಡು ಕಿವಿಗಳನ್ನೂ ಕಳೆದೆನಲ್ಲ, ಸತ್ತವನನ್ನು ಇನ್ನೊಮ್ಮೆ ಸಾಯಿಸಿದೆನಲ್ಲ ಎಂದು ಅತ್ತ. ಆ ಕೂಸಿಗೆ ಇನ್ನು ಅಪ್ಪನ ಮುಖವಿಲ್ಲ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕಿತ್ತು. ಸತ್ಯವ್ವನಿಗೆ ಹೇಳುವ ಧೈರ್ಯವಿರಲಿಲ್ಲ. ಅವನು ಲಗಮವ್ವನ ಮನೆಗೆ ನಡೆದ.

ಲಗಮವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಉಣ್ಣೆ ನೂಲುತ್ತಿದ್ದಳು. ಬಂದವನು ಯಾರೆಂದು ತಿಳಿದಕೂಡಲೇ, ಮಗನನ್ನು ತಿಂದದ್ದು ಸಾಲದೆ ಎಲುಬು ಆರಿಸಲು ಬಂದೆಯಾ ಎಂದು ಕೇಳಿ ಒಳಗೆ ಹೋಗಿ ಕದ ಹಾಕಿಕೊಂಡಳು. ಮರುದಿನ ಅವನು ಮತ್ತೆ ಹೋದ. ಕಟ್ಟೆಯ ಕೆಳಗೆ ನೆಲದ ಮೇಲೆ ಕೂತ. ಅವಳು ಆ ದಿನ ಎದ್ದು ಹೋಗಲಿಲ್ಲ, ನೂಲುತ್ತಲೇ ಇದ್ದಳು. ಅದರ ಮರುದಿನವೂ ಹೋದ. ಸ್ಟುಡಿಯೋಗೆ ಬೀಗ ಬಿತ್ತು. ಮದುವೆಯ ಜೋಡಿಗಳು ಬಂದು ಬೀಗ ನೋಡಿ ಬೈದುಕೊಂಡು ಹೋದವು.

ಕೈಗೆ ಕೆಲಸವಿರಲಿಲ್ಲ. ಸರಿಪಡಿಸಲು ರುಮಾಲಿರಲಿಲ್ಲ. ಆದ್ದರಿಂದ ಅವನು ನೋಡಿದ. ಅಷ್ಟು ವರ್ಷ ಮುಖಗಳ ಕಸುಬು ಮಾಡಿದವನು ಒಂದು ಮುಖವನ್ನು ಸುಮ್ಮನೆ ನೋಡಿದ್ದು ಅದೇ ಮೊದಲು. ಸಿಟ್ಟು ಬರುವ ಮೊದಲು ಅವಳ ಹುಬ್ಬು ಅಲುಗುತ್ತಿತ್ತು. ಎಳೆ ಕಡಿದಾಗ ತುಟಿಯೊಳಗೇ ಏನೋ ಬೈಯುತ್ತಿದ್ದಳು. ಗಾಡಿಯ ಸದ್ದು ಕೇಳಿದರೆ ಸಾಕು, ಕತ್ತು ತಾನಾಗಿ ಓಣಿಯ ಕಡೆ ತಿರುಗುತ್ತಿತ್ತು. ತಿರುಗಿ, ನೆನಪಾಗಿ, ಮತ್ತೆ ಉಣ್ಣೆಗೆ ಬರುತ್ತಿತ್ತು.

ಒಂದು ದಿನ ಅವಳೇ ಕೇಳಿದಳು, ಹೀಗೇಕೆ ಕಣ್ಣು ಕೀಲಿಸಿ ಕೂತಿದ್ದೀಯ ಎಂದು.

"ನಿನ್ನ ಮಗ ನನ್ನ ಮುಂದ ಕುಂತಿದ್ದ, ಯವ್ವಾ," ಎಂದ ಅವನು. "ನಾ ಕೋಟು ನೋಡಿದೆ, ಅವನ್ನ ನೋಡಲಿಲ್ಲ. ಈಗ ನಿನ್ನನ್ನರ ನೋಡ್ತೀನಿ."

ಗಾಜು ಹಾಳಾದ ಸಂಗತಿಯನ್ನೂ ಹೇಳಿದ. ಲಗಮವ್ವ ಬೈಯಲಿಲ್ಲ. ಕೈಯಲ್ಲಿದ್ದ ಉಣ್ಣೆಯನ್ನು ಕೆಳಗಿಟ್ಟಳು. ಮಗನ ವಿಷಯ ಹೇಳತೊಡಗಿದಳು. ಅವನು ಸಣ್ಣವನಿದ್ದಾಗ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹಿರಿಯರೆಲ್ಲ ಕಂಬಳಿಯ ಮೇಲೆ ಸಾಲಾಗಿ ಕೂತಿದ್ದರು. ಮಾಳಿಂಗ ಅಪ್ಪನ ರುಮಾಲನ್ನು ಕರುವಿನ ತಲೆಗೆ ಸುತ್ತಿ, ಅದನ್ನು ತಂದು ಸಾಲಿನ ಕೊನೆಯಲ್ಲಿ ನಿಲ್ಲಿಸಿದ. ಗಂಡಿನ ಅಜ್ಜನಿಗೆ ಕಣ್ಣು ಮಂಜು. ಯಾರೋ ದೊಡ್ಡ ಮನುಷ್ಯರು ಎಂದು ತಿಳಿದು ಎಲೆಯಡಿಕೆಯ ತಟ್ಟೆ ಹಿಡಿದ. ಕರು ಎಲೆ ತಿಂದು, ತಟ್ಟೆ ನೆಕ್ಕಿ, ಅಜ್ಜನ ಕೈಯನ್ನೂ ನೆಕ್ಕಿತು. ಬೀಗರ ಮರ್ಯಾದೆ ದೊಡ್ಡದು ಎಂದು ಅಜ್ಜ ಮದುವೆಗೆ ಒಪ್ಪಿಬಿಟ್ಟ.

ಇಷ್ಟು ಹೇಳಿ ಲಗಮವ್ವ ನಕ್ಕಳು. ಮಗ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಎಡಗಣ್ಣು ಪೂರ್ತಿ ಮುಚ್ಚಿತು, ಬಲಗಣ್ಣು ತೆರೆದೇ ಇತ್ತು. ತುಟಿ ಒಂದೇ ಕಡೆಗೆ ಮೇಲೇರಿತು. ನಗು ಬಾಯಿಂದ ಬರದೆ ಮೂಗಿನಿಂದ ಬಂತು.

ಫೋಟೋದವನು ಮುಂದಕ್ಕೆ ಬಾಗಿದ. ಈ ನಗುವನ್ನು ಅವನು ಕಂಡಿದ್ದ. ಸ್ಟುಡಿಯೋದ ಕನ್ನಡಿಯ ಮುಂದೆ ಒಬ್ಬ ಗಾಡಿಯವನು ಕೋಟು ತೊಟ್ಟು ನಿಂತು, ನನ್ನನ್ನು ಹೀಗೆ ಕಂಡರೆ ಎತ್ತುಗಳು ಹಗ್ಗ ಹರಿದುಕೊಂಡು ಓಡುತ್ತವೆ ಎಂದು ಹೇಳಿ ಹೀಗೆಯೇ ನಕ್ಕಿದ್ದ. ಇದೇ ಎಡಗಣ್ಣು, ಇದೇ ಓರೆ ತುಟಿ. ನಗಬೇಡ, ಗಾಜು ಹಾಳಾಗುತ್ತದೆ ಎಂದು ಅವನೇ ಗದರಿಸಿ ಕೂರಿಸಿದ್ದ. ಮುಖ ತಾನಾಗಿ ಬಂದು ಎದುರಿಗೆ ನಿಂತಿತ್ತು. ಅವನೇ ಅದನ್ನು ಹೊರಗೆ ಅಟ್ಟಿ ಕೋಟಿನ ಫೋಟೋ ತೆಗೆದಿದ್ದ.

ಅವನು ಎದ್ದು ನಿಂತು, ನಿನ್ನ ಮಗ ಸಿಕ್ಕ ಯವ್ವಾ ಎಂದ. ಕಂಡದ್ದನ್ನೆಲ್ಲ ಬಿಡಿಸಿ ಹೇಳಿದ. ನೀನು ನಗುವುದನ್ನು ಒಂದು ಸಲ ಹಿಡಿಯಲು ಬಿಡು ಎಂದು ಬೇಡಿಕೊಂಡ. ಆ ಪೆಟ್ಟಿಗೆಯ ಹೆಸರು ಕೇಳಿ ಲಗಮವ್ವನ ಮುಖ ಕಪ್ಪಿಟ್ಟಿತು. ಅವಳು ನಂಬಿದ್ದನ್ನು ಬಿಟ್ಟಿರಲಿಲ್ಲ. ಪೆಟ್ಟಿಗೆ ಆಯುಷ್ಯ ತಿನ್ನುತ್ತದೆ ಎಂಬುದು ಅವಳಿಗೆ ಹಗಲಿನಷ್ಟು ನಿಜ. ಅದನ್ನು ನಂಬಿಕೊಂಡೇ ಅವಳು ಉತ್ತರ ಕೊಟ್ಟಳು.

"ಕೂಸು ಅಪ್ಪನ ನಗಿ ನೋಡೂದಿತ್ತಂದ್ರ ನನ್ನ ಆಯುಷ್ಯ ತಿನ್ಲಿ ಬಿಡು," ಎಂದಳು. "ಆದ್ರ ನಿನ್ನ ಕೋಟು ಗೀಟು ನಾ ಹಾಕ್ಕೊಳ್ಳಾಂಗಿಲ್ಲ."

ಅವನು ಕ್ಯಾಮೆರಾವನ್ನು ತಲೆಯ ಮೇಲೆ ಹೊತ್ತು ಅವಳ ಅಂಗಳಕ್ಕೆ ತಂದ. ಅರಮನೆಯ ಪರದೆ ಸ್ಟುಡಿಯೋದಲ್ಲೇ ಉಳಿಯಿತು. ಓಣಿಗೆ ಓಣಿಯೇ ನೆರೆಯಿತು. ಲಗಮವ್ವ ತನ್ನ ದಿನದ ಸೀರೆಯಲ್ಲೇ ಕಟ್ಟೆಯ ಮೇಲೆ ಕೂತಳು. ಆದರೆ ಪೆಟ್ಟಿಗೆ ಕಣ್ಣು ಬಿಟ್ಟು ನಿಂತದ್ದೇ ತಡ, ಅವಳ ದವಡೆ ಬಿಗಿಯಿತು. ಕೈಗಳು ಮೊಣಕಾಲನ್ನು ಹಿಡಿದವು. ಸಾಯಲು ಸಿದ್ಧಳಾಗಿ ಕೂತವಳು ನಗುವುದು ಹೇಗೆ? ಕರಿಬಟ್ಟೆಯೊಳಗಿಂದ ನೋಡಿದರೆ, ಕ್ಯಾಮೆರಾದ ಗಾಜಿನಲ್ಲಿ ಎಲ್ಲವೂ ಮೂಡುವಂತೆ ತಲೆಕೆಳಗಾಗಿ ಕೂತ ಒಂದು ಬಿಗಿದ ಮುದುಕಿ. ಸ್ಟುಡಿಯೋದ ಪೆಟ್ಟಿಗೆಯಲ್ಲಿ ತುಂಬಿದ್ದ ಅಂಥದೇ ಗಾಜುಗಳಿಗೆ ಇನ್ನೊಂದು ಸೇರುವುದರಲ್ಲಿತ್ತು.

ಅವನು ಕರಿಬಟ್ಟೆಯಿಂದ ಹೊರಗೆ ಬಂದ. ಅಂದಿನವರೆಗೆ ಅವನು ಹಾಗೆ ಬಂದದ್ದಿಲ್ಲ. ಗಾಜು ತುಂಬಿಸಿ, ಒತ್ತಿದರೆ ಫೋಟೋ ಬೀಳುವ ರಬ್ಬರಿನ ಚೆಂಡನ್ನು ಕೈಯಲ್ಲಿ ಹಿಡಿದು, ಕ್ಯಾಮೆರಾದ ಪಕ್ಕದಲ್ಲಿ ನಿಂತ. ಪೆಟ್ಟಿಗೆಯ ಕಣ್ಣಿನಿಂದಲ್ಲ, ತನ್ನ ಕಣ್ಣಿನಿಂದ ಅವಳನ್ನು ನೋಡಿದ. ಆಮೇಲೆ ನೆರೆದ ಜನದ ಕಡೆಗೊಮ್ಮೆ ತಿರುಗಿ, ಈ ಮನೆಯ ಮಾಳಿಂಗ ಬೀಗರ ಸಾಲಿನಲ್ಲಿ ಒಂದು ಕುರಿ ತಂದು ನಿಲ್ಲಿಸಿದ್ದನಂತೆ, ಅದು ಅಜ್ಜನ ರುಮಾಲನ್ನೇ ತಿಂದಿತಂತೆ ಎಂದು ಗಟ್ಟಿಯಾಗಿ ಹೇಳಿದ. ಕತೆಯನ್ನು ಬೇಕೆಂದೇ ಕೆಡಿಸಿ ಹೇಳಿದ.

ಲಗಮವ್ವ ಎಲ್ಲವನ್ನೂ ಸಹಿಸಿಯಾಳು, ಮಗನ ಕತೆಯನ್ನು ತಪ್ಪಾಗಿ ಹೇಳಿದರೆ ಸಹಿಸುವವಳಲ್ಲ. ಪೆಟ್ಟಿಗೆ ಮರೆತುಹೋಯಿತು, ಆಯುಷ್ಯ ಮರೆತುಹೋಯಿತು. ಕುರಿ ಅಲ್ಲೋ ಖೋಡಿ, ಕರು ಎಂದಳು. ರುಮಾಲು ಕರುವಿನ ತಲೆಯ ಮೇಲೇ ಇತ್ತಲ್ಲೋ ಎಂದಳು. ಹೇಳುತ್ತ ಹೇಳುತ್ತ ಎಡಗಣ್ಣು ಮುಚ್ಚಿತು, ತುಟಿ ಓರೆಯಾಯಿತು. ಅವನು ಚೆಂಡನ್ನು ಒತ್ತಿದ.

ಆ ಗಾಜಿಗೆ ಅವನು ಸೀಸದ ಕಡ್ಡಿ ಮುಟ್ಟಿಸಲಿಲ್ಲ. ಸುಕ್ಕುಗಳಿದ್ದವು, ಇದ್ದಲ್ಲೇ ಇದ್ದವು. ಬಿದ್ದ ಹಲ್ಲಿನ ಜಾಗ ಖಾಲಿಯೇ ಉಳಿಯಿತು. ಪ್ರತಿ ಒಣಗುತ್ತಲೇ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸತ್ಯವ್ವನ ತವರಿನ ಹಳ್ಳಿಗೆ ಹೋದ. ಯಾರ ಫೋಟೋ ಎಂದು ಹೇಳದೆ ಅವಳ ಕೈಗಿತ್ತ. ಸತ್ಯವ್ವ ನೋಡಿದಳು. ನಿಂತಿದ್ದವಳು ಕೂತಳು. ತನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದ ಅತ್ತೆಯ ಮುಖ ಅದು. ಅದರೊಳಗಿಂದ ಅವಳ ಗಂಡ ಅವಳನ್ನು ನೋಡಿ ನಗುತ್ತಿದ್ದ.

"ಇವರ ನಮ್ಮವರು," ಎಂದಳು. ಕೂಸನ್ನು ಎತ್ತಿಕೊಂಡು ಅದರ ಪುಟ್ಟ ಬೆರಳನ್ನು ಆ ಓರೆ ತುಟಿಯ ಮೇಲಿಟ್ಟಳು. "ಅಪ್ಪಾ ಅನ್ನು. ನಿಮ್ಮಪ್ಪ ಹಿಂಗ ನಗ್ತಿದ್ದ."

ಆಮೇಲೆ ಅವಳು ಯಾರ ಅಪ್ಪಣೆಗೂ ಕಾಯಲಿಲ್ಲ. ಫೋಟೋವನ್ನೂ ಕೂಸನ್ನೂ ಎದೆಗೆ ಅವಚಿಕೊಂಡು ನೇರವಾಗಿ ಗಂಡನ ಮನೆಗೆ ನಡೆದಳು. ಫೋಟೋದವನು ಹಿಂದೆ ಹಿಂದೆ ಓಡಿದ. ಲಗಮವ್ವನ ಬಾಗಿಲು ತೆರೆದೇ ಇತ್ತು. ಸೊಸೆ ಫೋಟೋವನ್ನು ಅತ್ತೆಯ ಮುಂದೆ ಹಿಡಿದಳು. ಲಗಮವ್ವ ತನ್ನ ಫೋಟೋವನ್ನು ತಾನು ನೋಡಿದಳು. ಇದು ನಾನಲ್ಲ, ನನ್ನ ಮಗ ಎಂದಳು. ಎರಡೂ ಕೈ ಚಾಚಿ ಕೂಸನ್ನು ತೆಗೆದುಕೊಂಡು ಒಳಗೆ ಹೋದಳು. ಹೋಗುತ್ತಾ, ಹೊರಗ್ಯಾಕೆ ನಿಂತೆ, ಬಾಣಂತಿಗೆ ಗಾಳಿ ತಾಕುತ್ತದೆ ಎಂದು ಸೊಸೆಯನ್ನು ಗದರಿಸಿದಳು. ಆ ಗದರಿಕೆ ಕೇಳಿ ಸತ್ಯವ್ವ ಬಾಗಿಲಿಗೆ ಒರಗಿ ಗಳಗಳನೆ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ತನ್ನ ಮನೆಯೊಳಗೆ ಹೋದಳು.

ಸುದ್ದಿ ಗಿರಣಿಗೆ ಮುಟ್ಟಿತು. ಗಾಡಿಯವರು ಹತ್ತಿ ಇಳಿಸುವುದನ್ನು ಬಿಟ್ಟು ಬಂದರು. ಮುದುಕಿಯ ಫೋಟೋದಲ್ಲಿ ತಮ್ಮ ಗೆಳೆಯನನ್ನು ಕಂಡು ಒಬ್ಬೊಬ್ಬರೂ ಹೌದು ಹೌದು ಎಂದರು. ಒಬ್ಬ ಸಿಳ್ಳೆ ಹಾಕಿದ. ಉಳಿದವರೂ ಹಾಕಿದರು. ಓಣಿಯಲ್ಲಿ ಅವರ ಗಾಡಿಗೆ ಹೂಡಿ ನಿಂತಿದ್ದ ಮಾಳಿಂಗನ ಎತ್ತುಗಳು ಸಿಳ್ಳೆಗೆ ತಲೆ ಎತ್ತಿದವು. ಫೋಟೋದವನು ಆ ದಿನ ಪೇಟೆಯ ನಡುವೆ ಕುಸ್ತಿ ಗೆದ್ದ ಪೈಲ್ವಾನನ ಹಾಗೆ ಎದೆಯುಬ್ಬಿಸಿ ನಡೆದ. ಅವನ ಜಂಬ ಕಡಿಮೆಯಾಯಿತು ಎಂದು ತಿಳಿಯಬೇಡ. ಹೆಚ್ಚೇ ಆಯಿತು. ಆದರೆ ಈಗ ಅದಕ್ಕೆ ಕಾರಣವಿತ್ತು.

ಮರುದಿನದಿಂದ ಜನ ಅವನ ಬಾಗಿಲಿಗೆ ತಮ್ಮ ತಮ್ಮ ಬಟ್ಟೆಯಲ್ಲೇ ಬಂದರು. ಗಾಡಿಯವರು ಎತ್ತುಗಳನ್ನೂ ಹೊಡೆದುಕೊಂಡು ಬಂದರು. ಅವನು ಯಾರಿಗೂ ಉಸಿರು ಹಿಡಿಯಿರಿ ಎನ್ನಲಿಲ್ಲ. ಮೊದಲು ಕೂರಿಸಿ ಮಾತಾಡಿಸುತ್ತಿದ್ದ, ಮುಖ ತಾನಾಗಿ ಹೊರಗೆ ಬರುವವರೆಗೆ ಕಾಯುತ್ತಿದ್ದ. ಕೋಟನ್ನು ಒಬ್ಬ ರೈತ ಕೇಳಿ ಒಯ್ದು ಜೋಳದ ಹೊಲದಲ್ಲಿ ಬೆದರುಬೊಂಬೆಗೆ ತೊಡಿಸಿದ. ಹಕ್ಕಿಗಳು ಕೂಡ ಅದನ್ನು ಸಾಹುಕಾರನೆಂದು ತಿಳಿದು ದೂರವೇ ಉಳಿದವು. ಇನ್ನು ಲಗಮವ್ವ. ಪೆಟ್ಟಿಗೆಗೆ ಅವಳ ಆಯುಷ್ಯ ರುಚಿಸಲಿಲ್ಲವೆಂದು ಕಾಣುತ್ತದೆ. ಮೊಮ್ಮಗಳ ಮದುವೆಯ ಫೋಟೋದಲ್ಲೂ ಅವಳು ನಡುವೆ ಕೂತಿದ್ದಳು. ಪಕ್ಕದಲ್ಲಿ ಮದುಮಗಳು. ಅವಳದೂ ಎಡಗಣ್ಣು ಮುಚ್ಚಿತ್ತು, ತುಟಿ ಓರೆಯಾಗಿತ್ತು.

ಗುರು ಕತೆ ನಿಲ್ಲಿಸಿದರು. ಶಿಷ್ಯ ತಲೆ ತಗ್ಗಿಸಿ ಕೂತಿದ್ದ. ಹಾಗಾದರೆ ನಾಳೆ ಬರಬೇಡವೆಂದು ಫೋಟೋದವನಿಗೆ ಹೇಳಿ ಕಳಿಸಲೇ ಎಂದು ಮೆಲ್ಲನೆ ಕೇಳಿದ.

"ಬರಲಿ," ಎಂದರು ಗುರು. "ಕುರ್ಚಿಯ ಮೇಲೆ ನೀನು ಕೂತುಕೋ, ನಿನ್ನ ಫೋಟೋದಲ್ಲಿ ನಾನು ಸಿಗುತ್ತೇನೋ ಇಲ್ಲವೋ ನೋಡೋಣ."